ಪಾರುಪತ್ಯ

ನಮ್ಮ ನಡುಮನೆಯಲ್ಲಿ, ಕಿಟಕಿಯ ಮಗ್ಗುಲಿಗೆ, ಒಂದು ಕಂಪ್ಯೂಟರು ಇದೆ. 2011ರಲ್ಲಿ ಕೊಂಡದ್ದು. ಮನುಷ್ಯರ ಲೆಕ್ಕದಲ್ಲಿ ಅದಿನ್ನೂ ಹೈಸ್ಕೂಲಿನ ವಯಸ್ಸು. ಯಂತ್ರಗಳ ಲೆಕ್ಕದಲ್ಲಿ ಸಹಸ್ರ ಚಂದ್ರದರ್ಶನ ಮಾಡಿಸಿಕೊಂಡು ಕುಳಿತ ವೃದ್ಧ. ಬೆಳಿಗ್ಗೆ ಅದರ ಗುಂಡಿಯನ್ನೊತ್ತಿ, ಅಡಿಗೆಮನೆಗೆ ಹೋಗಿ, ಡಿಕಾಕ್ಷನ್ನಿಗೆ ಹಾಲು ಬೆರೆಸಿಕೊಂಡು, ಪತ್ರಿಕೆಯ ಮೊದಲ ಪುಟದ ಮೇಲೆ ಕಣ್ಣಾಡಿಸಿ ಬಂದರೆ, ಅದು ಆಗತಾನೆ ಎದ್ದು ಗಂಟಲು ಸರಿಮಾಡಿಕೊಳ್ಳುತ್ತಿರುತ್ತದೆ. ಹಾಗೆಂದು ನನಗೆ ಅದರ ಮೇಲೆ ಕೋಪವಿಲ್ಲ. ನಾನೂ ನಲವತ್ತೇಳು ದಾಟಿದವನು. ಎದ್ದ ಕೂಡಲೆ ಕೆಲಸಕ್ಕೆ ಬಾ ಎಂದರೆ ನನಗೂ ಆಗುವುದಿಲ್ಲ.

ಮನೆಗೆ ಬಂದವರೆಲ್ಲ ಅದನ್ನು ನೋಡಿ ಮರುಗುತ್ತಾರೆ. “ಇದನ್ನು ಇನ್ನೂ ಇಟ್ಟುಕೊಂಡಿದ್ದೀರಾ?” ಎಂದು ಅವರು ಕೇಳುವ ಧಾಟಿಯಲ್ಲಿ, ಕೊಟ್ಟಿಗೆಯಲ್ಲಿ ಕಟ್ಟಿದ ಗೊಡ್ಡು ಹಸುವನ್ನು ಕಂಡವರ ಅನುಕಂಪವಿರುತ್ತದೆ. ರಿಪೇರಿಗೆ ಬರುವ ಹುಡುಗ ಅಷ್ಟು ದಾಕ್ಷಿಣ್ಯದವನೂ ಅಲ್ಲ. “ಗುಜರಿಗೆ ಹಾಕಿ ಸಾರ್, ಇದಕ್ಕೆ ಸಾಮಾನು ಸಿಗೋಲ್ಲ” ಎಂದು ಅದರ ಎದುರಿಗೇ ಹೇಳಿಬಿಡುತ್ತಾನೆ. ಅದರೊಳಗಿರುವುದು ವಿಂಡೋಸ್ 7. ಅದನ್ನು ಹಡೆದ ಮೈಕ್ರೋಸಾಫ್ಟ್ ಕಂಪನಿಯೇ 2020ರ ಜನವರಿ 14ರಂದು ಅದರ ಆರೈಕೆಯನ್ನು ನಿಲ್ಲಿಸಿತು. ಆರೈಕೆಯಿಲ್ಲದವನು ಸಂತೆಗೆ ಹೋದರೆ ರೋಗ ತಗಲುತ್ತದೆಂದು ನಾನು ಅದರ ಇಂಟರ್‌ನೆಟ್ಟಿನ ತಂತಿಯನ್ನು ಕಿತ್ತೆ. ಅಂದಿನಿಂದ ಅದಕ್ಕೆ ಲೋಕದ ಸಂಪರ್ಕವಿಲ್ಲ, ಮನೆಯೊಳಗೇ ವಾನಪ್ರಸ್ಥ.

ಆದರೂ ಅದನ್ನು ಬಿಡಲಾರೆ. ಅದಕ್ಕೆ ಕಾರಣ ಎರಡು. ಮೊದಲನೆಯದು ನನ್ನ ಪಾಠದ ಟಿಪ್ಪಣಿಗಳು. ಅವೆಲ್ಲ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಕುಳಿತಿವೆ. ಆ ಅಕ್ಷರಗಳಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಪಂಪನೂ ರನ್ನನೂ ರೋಮನ್ ಅಕ್ಷರ, ಚುಕ್ಕಿ, ಕೊಕ್ಕೆಗಳ ಕಲಸುಮೇಲೋಗರವಾಗಿ ಎದುರಿಗೆ ನಿಲ್ಲುತ್ತಾರೆ. ಎರಡನೆಯದು ಮನೆಯ ಚಿತ್ರಗಳು: ಮಗಳ ನಾಮಕರಣ, ಗೃಹಪ್ರವೇಶ, ಮತ್ತು 2012ರಲ್ಲಿ ನಡೆದ ನನ್ನ ತಂಗಿಯ ಮದುವೆಯ ಮೂರು ಗಂಟೆಯ ಚಲನಚಿತ್ರ. ಈ ಎರಡನೆಯ ಕಾರಣದ ಬೆಲೆ ಎಷ್ಟೆಂಬುದು ನನಗೆ ಇತ್ತೀಚಿನವರೆಗೂ ತಿಳಿದಿರಲಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಈ ಪ್ರಬಂಧ.

ಆ ಕಂಪ್ಯೂಟರಿಗೆ ಮೂವರು ಭಕ್ತರು. ನಾನು, ಆಗ ಎಂಟನೆಯ ತರಗತಿಯಲ್ಲಿದ್ದ ನನ್ನ ಮಗಳು, ಎಪ್ಪತ್ತನಾಲ್ಕು ವರ್ಷದ ನನ್ನ ತಾಯಿ. ನನ್ನಾಕೆಗೆ ಅದರ ಗೊಡವೆಯಿಲ್ಲ. ಅವಳು ಅದರ ಧೂಳನ್ನು ಒರೆಸುವವಳು, ಆದ್ದರಿಂದ ಅದರ ಬಗ್ಗೆ ಅವಳಿಗೆ ಭ್ರಮೆಗಳಿಲ್ಲ. ಮೂವರೂ ಒಂದೇ ಬಾಗಿಲಿನಿಂದ ಹೋಗಿ ಬರುತ್ತಿದ್ದೆವು. ಪಾಸ್‌ವರ್ಡು ಇರಲಿಲ್ಲ. ನನ್ನ ಹಳಗನ್ನಡದ ಟಿಪ್ಪಣಿಯ ಪಕ್ಕದಲ್ಲೇ ಮಗಳ ರಂಗೋಲಿಯ ಚಿತ್ರ, ಅದರ ಪಕ್ಕದಲ್ಲಿ ಅಮ್ಮನ ದೇವರನಾಮಗಳು. ಅವಿಭಕ್ತ ಕುಟುಂಬ ಎಂದರೆ ಅದೇ ತಾನೆ?

ಒಡಕು ಬಂದದ್ದು ಗೆಳತಿಯೊಬ್ಬಳು ಕೊಟ್ಟ ಪೆನ್ ಡ್ರೈವಿನಿಂದ. ಬೆರಳುದ್ದದ ಆ ಕಡ್ಡಿಯಲ್ಲಿ ಆಟಗಳಿದ್ದವು. ಓಡುವುದು, ನೆಗೆಯುವುದು, ಬೀಳುವುದು, ಮತ್ತೆ ಓಡುವುದು. ಮಗಳು ಕಂಪ್ಯೂಟರಿನ ಮುಂದೆ ಕುಳಿತರೆ ಏಳುವುದು ಮರೆತಳು. ಕಿರುಪರೀಕ್ಷೆಯಲ್ಲಿ ಗಣಿತದ ಅಂಕಗಳು ಜಾರಿದವು. ನನ್ನಾಕೆ ಅಂಕಪಟ್ಟಿಯನ್ನು ನನ್ನ ಮುಂದಿಟ್ಟು, “ನೂರು ಜನ ಹುಡುಗರನ್ನು ಸುಮ್ಮನೆ ಕೂರಿಸುತ್ತೀರಂತೆ, ಮನೆಯಲ್ಲಿರುವ ಒಂದನ್ನು ಎಬ್ಬಿಸಿ ನೋಡೋಣ” ಎಂದಳು. ಕಾಲೇಜಿನಲ್ಲಿ ಹುಡುಗರು ಸುಮ್ಮನೆ ಕೂರುವುದು ನನ್ನ ಪಾಠಕ್ಕಲ್ಲ, ಮಧ್ಯಾಹ್ನದ ನಿದ್ದೆಗೆ ಎಂಬ ಗುಟ್ಟನ್ನು ನಾನು ಅವಳಿಗೆ ಹೇಳಿರಲಿಲ್ಲ.

ಬೈಯುವುದು ನನ್ನ ಕೈಲಾಗದು. ಬೈಯದೆ ಕೆಲಸ ಸಾಧಿಸಬೇಕೆನ್ನುವವರಿಗೆ ಯಂತ್ರಗಳಂಥ ಗೆಳೆಯರಿಲ್ಲ. ವಿಚಾರಿಸಿದಾಗ ನಮ್ಮ ಹಳೆಯ ವಿಂಡೋಸಿನಲ್ಲೇ ಅದಕ್ಕೊಂದು ಉಪಾಯವಿದೆಯೆಂದು ತಿಳಿಯಿತು. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಖಾತೆ ತೆರೆಯಬಹುದು. ಖಾತೆಗಳಲ್ಲಿ ಎರಡು ಜಾತಿ. ಒಂದು ‘ಸ್ಟ್ಯಾಂಡರ್ಡ್’, ಎಂದರೆ ಸಾಮಾನ್ಯ, ಇನ್ನೊಂದು ‘ಅಡ್ಮಿನಿಸ್ಟ್ರೇಟರ್’. ಸಾಮಾನ್ಯನು ತನ್ನ ಕೋಣೆಯಲ್ಲಿ ತನಗೆ ಬೇಕಾದ್ದನ್ನು ಬರೆದುಕೊಳ್ಳಬಹುದು, ಓದಿಕೊಳ್ಳಬಹುದು; ಆದರೆ ಮನೆಯ ತೊಲೆ ಕಂಬಗಳನ್ನು ಮುಟ್ಟುವಂತಿಲ್ಲ, ಇನ್ನೊಬ್ಬರ ಕೋಣೆಗೆ ನುಗ್ಗುವಂತಿಲ್ಲ, ಗಡಿಯಾರವನ್ನು ತಿದ್ದುವಂತಿಲ್ಲ. ಒಂದು ತಮಾಷೆ ನೋಡಿ: ಗಂಟೆ ಎಷ್ಟೆಂಬುದನ್ನು ಬದಲಿಸಲು ಅವನಿಗೆ ಹಕ್ಕಿಲ್ಲ, ಆದರೆ ತಾನಿರುವುದು ಯಾವ ದೇಶದ ಕಾಲಮಾನದಲ್ಲಿ ಎಂಬುದನ್ನು ಬದಲಿಸಲು ಹಕ್ಕುಂಟು. ಪ್ರಜೆಗಳಿಗೆ ಇಂಥ ಸ್ವಾತಂತ್ರ್ಯಗಳನ್ನು ಧಾರಾಳವಾಗಿ ಕೊಡುವುದು ಎಲ್ಲ ಸರ್ಕಾರಗಳ ಪದ್ಧತಿ.

ಅಡ್ಮಿನಿಸ್ಟ್ರೇಟರ್ ಎಂಬ ಮಾತಿಗೆ ಕನ್ನಡ ಹುಡುಕುವುದು ನನ್ನ ವೃತ್ತಿಯ ಚಟ. ಆಡಳಿತಗಾರ ಎಂದರೆ ಕಚೇರಿಯ ಕಡತದ ವಾಸನೆ ಬರುತ್ತದೆ. ಯಜಮಾನ ಎಂದರೆ ನನ್ನಾಕೆ ನಗುತ್ತಾಳೆ. ಕಡೆಗೆ ಹೊಳೆದದ್ದು ಪಾರುಪತ್ತೇಗಾರ ಎಂಬ ನಮ್ಮ ಹಳೆಯ ಮೈಸೂರಿನ ಮಾತು. ದೇವಸ್ಥಾನ ದೇವರದು, ಹುಂಡಿ ಭಕ್ತರದು. ಆದರೆ ಬಾಗಿಲು ಎಷ್ಟು ಹೊತ್ತಿಗೆ ತೆಗೆಯಬೇಕು, ಯಾರಿಗೆ ಎಷ್ಟು ಪುಳಿಯೋಗರೆ ಎಂಬುದು ಪಾರುಪತ್ತೇಗಾರನದು. ಅಂದು ಸಂಜೆ ನನಗೆ ನಾನೇ ಪಟ್ಟಾಭಿಷೇಕ ಮಾಡಿಕೊಂಡು ಪಾರುಪತ್ಯ ವಹಿಸಿಕೊಂಡೆ.

ಓದಿನ ಚಟ ಇರುವವನಿಗೆ ಯಾವ ಕೆಲಸವೂ ಬೇಗ ಮುಗಿಯುವುದಿಲ್ಲ. ಈ ಅನುಮತಿ ನಿರ್ಬಂಧಗಳು ಹುಟ್ಟಿದ್ದೆಲ್ಲಿ ಎಂದು ಹುಡುಕಲು ಹೊರಟೆ. ಒಂದು ಕಾಲಕ್ಕೆ ಕಂಪ್ಯೂಟರು ಎಂದರೆ ಕೋಣೆ ತುಂಬುವ ಯಂತ್ರ. ಅದನ್ನು ಒಂದು ಹೊತ್ತಿಗೆ ಒಬ್ಬರು ಬಳಸುತ್ತಿದ್ದರು. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಸೇರಿ, ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಹಂಚಿಕೊಳ್ಳುವ ಏರ್ಪಾಟೊಂದನ್ನು 1961ರಲ್ಲಿ ಮಾಡಿ ತೋರಿಸಿದರು. ಹಂಚಿಕೊಳ್ಳುವುದು ಬಂದೊಡನೆ ನನ್ನದು ನಿನ್ನದು ಎಂಬುದೂ ಬಂತು. ಒಬ್ಬೊಬ್ಬರ ಬರಹಕ್ಕೆ ಒಂದೊಂದು ಪಾಸ್‌ವರ್ಡು; ಒಬ್ಬೊಬ್ಬರಿಗೆ ಇಷ್ಟಿಷ್ಟು ಗಂಟೆ. ಅಲ್ಲಿ ಆಲನ್ ಶೆರ್ ಎಂಬ ಸಂಶೋಧಕರಿಗೆ ವಾರಕ್ಕೆ ಸಿಗುತ್ತಿದ್ದದ್ದು ನಾಲ್ಕೇ ಗಂಟೆ. ಅದು ಸಾಲದೆ, 1962ರಲ್ಲಿ ಅವರು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಉಪಾಯವಾಗಿ ಮುದ್ರಿಸಿಕೊಂಡು, ಪರರ ಹೆಸರಿನಲ್ಲಿ ಒಳಹೊಕ್ಕು ಕೆಲಸ ಮುಗಿಸಿಕೊಂಡರು. ಎಷ್ಟೋ ವರ್ಷಗಳ ಮೇಲೆ ತಾವೇ ಅದನ್ನು ಒಪ್ಪಿಕೊಂಡರು. ಬೀಗ ಹುಟ್ಟಿದ ಮರುವರ್ಷವೇ ಕಳ್ಳಗೀಲಿಯೂ ಹುಟ್ಟಿತು ಎಂಬುದನ್ನು ಓದಿ ನಾನು ನಕ್ಕೆ. ಕದ್ದದ್ದು ಹಣವನ್ನಲ್ಲ, ಹೊತ್ತನ್ನು ಎಂಬುದನ್ನು ಮಾತ್ರ ಆಗ ಅಷ್ಟಾಗಿ ಗಮನಿಸಲಿಲ್ಲ.

ಆಮೇಲೆ, 1969ರಲ್ಲಿ, ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬುದನ್ನು ಕಟ್ಟತೊಡಗಿದರು. ಅದರಲ್ಲಿ ಬೆಳೆದು ನಿಂತ ಲೆಕ್ಕ ಬಲು ಅಚ್ಚುಕಟ್ಟು. ಲೋಕದಲ್ಲಿ ಮೂರು ಬಗೆಯ ಜನ: ಒಡೆಯ, ಒಡೆಯನ ಗುಂಪು, ಉಳಿದವರು. ಮಾಡಬಹುದಾದ ಕೆಲಸ ಮೂರು: ಓದುವುದು, ಬರೆಯುವುದು, ನಡೆಸುವುದು. ಮೂರು ಮೂರಲೆ ಒಂಬತ್ತು. ಒಂಬತ್ತು ಹೌದು ಅಲ್ಲಗಳಲ್ಲಿ ಒಂದು ಕಡತದ ಜಾತಕವೆಲ್ಲ ಮುಗಿಯಿತು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲೂ ಇದೇ ನಿಯಮವಿದೆಯೆಂದು ನನಗೆ ಅನಿಸಿತು. ಪುಸ್ತಕವನ್ನು ಓದಲು ಎಲ್ಲರಿಗೂ ಅನುಮತಿ. ಬರೆಯಲು ಯಾರಿಗೂ ಇಲ್ಲ. ಆದರೂ ಕಾವ್ಯಮೀಮಾಂಸೆಯ ಪುಸ್ತಕದ ಅಂಚಿನಲ್ಲಿ ‘ಇದು ಬರುತ್ತೆ’ ‘ಇದು ಬರಲ್ಲ’ ಎಂದು ತಲೆಮಾರುಗಳಿಂದ ಹುಡುಗರು ಬರೆಯುತ್ತಲೇ ಬಂದಿದ್ದಾರೆ. ಆ ಬರಹಗಳು ಪುಸ್ತಕಕ್ಕಿಂತ ಹೆಚ್ಚು ಜನರಿಗೆ ಉಪಕಾರ ಮಾಡಿವೆ.

ಮನೆಯ ಕಂಪ್ಯೂಟರುಗಳಿಗೆ ಈ ಶಿಸ್ತು ಬರುವುದು ತಡವಾಯಿತು. ವಿಂಡೋಸ್ 95 ಪಾಸ್‌ವರ್ಡು ಕೇಳುತ್ತಿದ್ದುದುಂಟು. ತಿಳಿಯದಿದ್ದರೆ ‘ರದ್ದು’ ಎಂಬ ಗುಂಡಿಯನ್ನು ಒತ್ತಿದರಾಯಿತು, ಒಳಗೆ ಬಿಡುತ್ತಿತ್ತು. ಗೋಡೆಯಿಲ್ಲದ ಬಯಲಿನಲ್ಲಿ ಬಾಗಿಲು ನಿಲ್ಲಿಸಿ ಅಗಳಿ ಹಾಕಿದ ಹಾಗೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಮನೆಯ ಯಂತ್ರಕ್ಕೂ ನಿಜವಾದ ಗೋಡೆಗಳು ಎದ್ದವು. ಅಂತೂ ನನ್ನ ಕೈಗೆ ಸಿಕ್ಕಿದ್ದು ಗೋಡೆ ಬಾಗಿಲು ಎಲ್ಲ ಇದ್ದ ಕೋಟೆ.

ಕೋಟೆಯ ಒಳಗೆ ಒಂದು ಚೌಕದ ಮನೆ ಇದೆ. ಅದರ ಹೆಸರು ‘ಪೇರೆಂಟಲ್ ಕಂಟ್ರೋಲ್ಸ್’, ಎಂದರೆ ತಾಯಿತಂದೆಗಳ ಹತೋಟಿ. ಏಳು ದಿನಗಳಿಗೆ ಏಳು ಸಾಲು, ಇಪ್ಪತ್ತನಾಲ್ಕು ಗಂಟೆಗಳಿಗೆ ಇಪ್ಪತ್ತನಾಲ್ಕು ಮನೆ; ಚೌಕಾಬಾರದ ಹಾಸಿನ ಹಾಗೆ. ಮನೆ ಬೆಳ್ಳಗಿದ್ದರೆ ಆ ಹೊತ್ತಿನಲ್ಲಿ ಕಂಪ್ಯೂಟರನ್ನು ಬಳಸಬಹುದು. ಬೇಡವಾದ ಹೊತ್ತುಗಳ ಮೇಲೆ ಇಲಿಯನ್ನು ಎಳೆದರೆ ಅವು ನೀಲಿಯಾಗುತ್ತವೆ. ನೀಲಿ ಬಂದ ಕೂಡಲೆ ಖಾತೆಯವರು ಹೊರಗೆ. ಮಗಳ ಖಾತೆಗೆ ನಾನು ನೀಲಿ ಬಳಿದೆ. ಶಾಲೆಯ ದಿನಗಳಲ್ಲಿ ಸಂಜೆ ಒಂದು ಗಂಟೆ ಬಿಳಿ. ಶನಿವಾರ ಭಾನುವಾರ ತುಸು ಹೆಚ್ಚು. ರಾತ್ರಿಯೆಲ್ಲ ಗಾಢ ನೀಲಿ. ಮಗಳನ್ನು ಕರೆದು ತೋರಿಸಿದೆ, ಏಕೆ ಎಂಬುದನ್ನೂ ಹೇಳಿದೆ. ಮೂಗು ಕೆಂಪಾಯಿತು, ಎರಡು ದಿನ ನನ್ನೊಡನೆ ಮಾತಿಲ್ಲ, ಮೂರನೆಯ ದಿನ ಒಪ್ಪಿಕೊಂಡಳು.

ಪಾರುಪತ್ಯದ ಒಂದು ಕೆಟ್ಟ ಗುಣವೆಂದರೆ, ಒಂದು ಕಿಂಡಿಯನ್ನು ಮುಚ್ಚಿದವನಿಗೆ ಇನ್ನೊಂದು ಕಾಣುತ್ತದೆ. ಹಾಸಿಗೆಯಲ್ಲಿ ಮಲಗಿದ್ದಾಗ ಹೊಳೆಯಿತು: ಅಮ್ಮನ ಖಾತೆಗೆ ಪಾಸ್‌ವರ್ಡೇ ಇಲ್ಲವಲ್ಲ! ಇಂಗ್ಲಿಷು ಬಾರದ ಅಮ್ಮನಿಗೆ ಅದನ್ನು ಒತ್ತುವುದು ಕಷ್ಟವೆಂದು ಹಾಗೇ ಬಿಟ್ಟಿದ್ದೆ. ಮಗಳು ತನ್ನ ಹೊತ್ತು ಮುಗಿದ ಮೇಲೆ ಅಜ್ಜಿಯ ಬಾಗಿಲಿನಿಂದ ನುಸುಳಿದರೆ? ಅವಳು ನುಸುಳಿದ್ದಳೇ ಎಂದು ಕೇಳಬೇಡಿ. ನುಸುಳಬಹುದಾಗಿತ್ತು; ಪಾರುಪತ್ತೇಗಾರನಿಗೆ ಅಷ್ಟು ಸಾಕು. ಬೆಳಿಗ್ಗೆ ಎದ್ದು ಅಮ್ಮನ ಖಾತೆಯನ್ನೂ ಹತೋಟಿಗೆ ಒಳಪಡಿಸಿದೆ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ನೀಲಿ. ಅಮ್ಮ ಹೇಗೂ ಒಂಬತ್ತಕ್ಕೆ ಮಲಗುವವಳು ಎಂದು ನನ್ನ ಊಹೆ. ನಾನು ಮಹಡಿಯ ಕೋಣೆಯಲ್ಲಿ ಉತ್ತರ ಪತ್ರಿಕೆಗಳ ನಡುವೆ ಇರುವವನು. ಅಮ್ಮ ಎಷ್ಟು ಹೊತ್ತಿಗೆ ಮಲಗುತ್ತಾಳೆಂಬುದನ್ನು ಕಣ್ಣಾರೆ ನೋಡಿ ವರ್ಷಗಳೇ ಆಗಿದ್ದವು. ಅವಳಿಗೆ ಈ ವಿಷಯ ಹೇಳಬೇಕೆಂಬುದು ಹೊಳೆಯಲೇ ಇಲ್ಲ.

ಇದೆಲ್ಲಕ್ಕೆ ಶಾಸ್ತ್ರಾಧಾರವೂ ನನಗೆ ದೊರಕಿತ್ತು. ಜೆರೋಮ್ ಸಾಲ್ಟ್‌ಜರ್, ಮೈಕೆಲ್ ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು 1975ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದಾರೆ: ಯಾರಿಗೇ ಆಗಲಿ, ಮಾಡಬೇಕಾದ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಬೇಕು. ಎಷ್ಟು ಸೊಗಸಾದ ಮಾತು! ಅಳೆದು ಬಡಿಸುವ ಗೃಹಿಣಿಯ ಮಾತಿನ ಹಾಗಿದೆ. ಆ ಮಾತನ್ನು ಜಪಿಸುತ್ತ ನಾನು ನಿಶ್ಚಿಂತನಾದೆ. ಮಗಳ ಗಣಿತದ ಅಂಕಗಳೂ ಮೇಲೇರಿದವು. ನನ್ನಾಕೆ ಹುಬ್ಬೇರಿಸಿದಳು. ಮೂವರಲ್ಲಿ ಒಬ್ಬರೂ ದೂರು ತರಲಿಲ್ಲ. ದೂರು ಇಲ್ಲದ್ದನ್ನು ಸುಖವೆಂದು ತಿಳಿಯುವುದು ಪಾರುಪತ್ಯದ ಇನ್ನೊಂದು ಗುಣ.

ದಸರೆಯ ರಜ ಬಂತು. ಊರೆಲ್ಲ ದೀಪ. ಮಕ್ಕಳಿಗೆ ರಜವಿರುವಾಗ ಒಂದು ಗಂಟೆಯ ಲೆಕ್ಕ ಜಿಪುಣತನವೆನಿಸಿ, ಮಗಳ ಖಾತೆಗೆ ಎರಡು ಗಂಟೆ ಹೆಚ್ಚಿಗೆ ಕೊಡೋಣವೆಂದು ಚೌಕದ ಮನೆಯನ್ನು ತೆರೆದೆ. ಅವಳ ನೀಲಿ ನಾನು ಬಳಿದ ಹಾಗೇ ಇತ್ತು. ಒಂದು ಮನೆಯೂ ಅಳಿಸಿರಲಿಲ್ಲ. ಹಾಗೇ ಅಮ್ಮನ ಖಾತೆಯ ಮೇಲೂ ಕಣ್ಣು ಹಾಯಿಸಿದೆ. ಅಲ್ಲಿ ಎಲ್ಲವೂ ಬಿಳಿ. ಏಳು ಸಾಲು, ಇಪ್ಪತ್ತನಾಲ್ಕು ಮನೆ, ಒಗೆದು ಒಣಗಹಾಕಿದ ಪಂಚೆಯ ಹಾಗೆ.

ಅದನ್ನು ಬದಲಿಸಬೇಕಾದರೆ ಪರದೆ ಮಂಕಾಗಿ, ಪಾರುಪತ್ತೇಗಾರನ ಪಾಸ್‌ವರ್ಡನ್ನು ಕೇಳುತ್ತದೆ. ಅಮ್ಮನಿಗೆ ಅದು ತಿಳಿಯದು. ನನ್ನಾಕೆಗೆ ಅದು ಬೇಡ. ಮಗಳನ್ನು ಕರೆದೆ. ಕಾಲೇಜಿನಲ್ಲಿ ನಕಲು ಹೊಡೆದವರನ್ನು ವಿಚಾರಿಸುವ ದನಿ ತಾನಾಗಿಯೇ ಬಂತು.

“ಇದನ್ನು ಯಾರು ಮಾಡಿದ್ದು?”

“ನಾನೇ ಅಪ್ಪ.”

“ಪಾಸ್‌ವರ್ಡು ನಿನಗೆ ಹೇಗೆ ಗೊತ್ತಾಯಿತು?”

ಅವಳು ನನ್ನನ್ನು ಕನಿಕರದಿಂದ ನೋಡಿದಳು. “ಪಂಪನನ್ನು ಬಿಟ್ಟು ನೀವು ಇನ್ನೇನು ಇಡ್ತೀರಿ? ಪಂಪ ಅಂತ ಹಾಕಿದೆ, ಬಿಡಲಿಲ್ಲ. ಆದಿಪುರಾಣದ ಇಸವಿ ಸೇರಿಸಿದೆ, 941. ಬಿಟ್ಟುಬಿಡ್ತು.”

ಓದುಗರಲ್ಲಿ ಕನ್ನಡ ಮೇಷ್ಟರುಗಳಿದ್ದರೆ ಒಂದು ಮಾತು. ನಮ್ಮ ಗುಟ್ಟುಗಳನ್ನು ನಾವೇ ಇಪ್ಪತ್ತು ವರ್ಷಗಳಿಂದ ಹಲಗೆಯ ಮೇಲೆ ಬರೆಯುತ್ತ ಬಂದಿದ್ದೇವೆ. ಪಾಸ್‌ವರ್ಡಿಗೆ ಬೇರೆ ಏನಾದರೂ ಹುಡುಕಿಕೊಳ್ಳಿ.

ನನಗೆ ಅರ್ಥವಾಗದೆ ಉಳಿದದ್ದು ಇನ್ನೊಂದು. ಕಳ್ಳಗೀಲಿ ಕೈಗೆ ಸಿಕ್ಕಿದವಳು ತನ್ನ ಬಾಗಿಲನ್ನು ಏಕೆ ತೆರೆದುಕೊಳ್ಳಲಿಲ್ಲ?

“ನಿನ್ನದನ್ನು ಯಾಕೆ ತೆಗೆಯಲಿಲ್ಲ?” ಎಂದೆ.

“ನನಗೆ ನೀವು ಹೇಳಿದ್ದಿರಿ. ಅಜ್ಜಿಗೆ ಹೇಳಿರಲಿಲ್ಲ.”

ಅಷ್ಟೇ ಹೇಳಿ ಅವಳು ಗೊಂಬೆ ಕೂರಿಸಲು ಹೋದಳು. ನಾನು ಕುರ್ಚಿಯ ಮೇಲೆ ಕುಳಿತೇ ಇದ್ದೆ.

ಆಮೇಲೆ ಅವಳಿಂದಲೇ ಸ್ವಲ್ಪ ಸ್ವಲ್ಪವಾಗಿ ತಿಳಿದುಬಂದ ಕಥೆ ಇದು. ಅಮ್ಮ ಒಂಬತ್ತಕ್ಕೆ ಮಲಗುತ್ತಿರಲಿಲ್ಲ. ರಾತ್ರಿಯ ಫಲಾಹಾರ ಮುಗಿಸಿ, ಬೇಡವೆಂದರೂ ಕೇಳದೆ ಒಲೆಯ ಕಟ್ಟೆಯನ್ನು ತಾನೇ ಒರೆಸಿ, ಎಂಟೂವರೆಗೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಮೊಮ್ಮಗಳು ಕಲಿಸಿಕೊಟ್ಟಿದ್ದಂತೆ ಎರಡು ಸಲ ಒತ್ತಿ ತಂಗಿಯ ಮದುವೆಯ ಚಿತ್ರವನ್ನು ಹಾಕಿಕೊಳ್ಳುತ್ತಿದ್ದಳು. ನಮ್ಮ ತಂದೆ 2016ರಲ್ಲಿ ತೀರಿಕೊಂಡರು. ಆ ಚಿತ್ರದಲ್ಲಿ ಅವರು ಅಲ್ಲಲ್ಲಿ ಕಾಣುತ್ತಾರೆ. ಧಾರೆಯ ಹೊತ್ತಿನಲ್ಲಿ ಎದುರಿಗೇ ಇದ್ದಾರೆ, ಆದರೆ ಓಲಗದ ಅಬ್ಬರದಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಅವರ ದನಿ ಕೇಳುವುದು ಒಂದೇ ಕಡೆ. ಊಟದ ಮನೆಯಲ್ಲಿ, ಪಂಕ್ತಿಯ ನಡುವೆ ನಡೆಯುತ್ತ, ಬಡಿಸುವವರಿಗೆ ಏನೋ ಹೇಳುತ್ತಾರೆ. ಚಿತ್ರ ಶುರುವಾಗಿ ಒಂದೂವರೆ ಗಂಟೆಯ ಮೇಲೆ ಅದು ಬರುತ್ತದೆ. ನಡುವೆ ಹಾರಿಸಿ ನೋಡುವ ವಿದ್ಯೆ ಅಮ್ಮನಿಗೆ ತಿಳಿಯದು. ತಿಳಿದರೂ, ಮದುವೆಯನ್ನು ಊಟದಿಂದ ಶುರುಮಾಡುವ ಜಾತಿಯವಳಲ್ಲ ಅವಳು.

ನೀವು ಲೆಕ್ಕ ಹಾಕಿದ್ದೀರಿ ಎಂದು ಕಾಣುತ್ತದೆ. ಎಂಟೂವರೆಗೆ ವರಪೂಜೆ ಶುರು. ಒಂಬತ್ತಕ್ಕೆ ಕೆಲವು ಕ್ಷಣ ಮುಂಚೆ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಬರುತ್ತದೆ. ಅಮ್ಮನಿಗೆ ಅದು ಓದಲು ಬಾರದು. ಒಂಬತ್ತಕ್ಕೆ ಚಪ್ಪರ, ಓಲಗ, ನೆಂಟರು ಎಲ್ಲ ಮಾಯ. ಮಾರನೆಯ ದಿನ ಮತ್ತೆ ವರಪೂಜೆಯಿಂದ. ಹೀಗೆ ಮೂರು ವಾರ. ಮೂರು ವಾರ ನನ್ನ ತಾಯಿ ಪ್ರತಿ ರಾತ್ರಿ ಗಂಡನ ದನಿಯ ಕಡೆಗೆ ಅರ್ಧ ಗಂಟೆ ನಡೆದು, ನಾನು ಬಳಿದ ನೀಲಿಗೆ ಬಂದು ಮುಟ್ಟಿ, ಎದ್ದು ಹೋಗುತ್ತಿದ್ದಳು. ಮೇಲಿನ ಕೋಣೆಯಲ್ಲಿ ನಾನು ‘ಕನ್ನಡ ಸಾಹಿತ್ಯದಲ್ಲಿ ತಾಯಿ’ ಎಂಬ ಪ್ರಶ್ನೆಯ ಉತ್ತರಗಳಿಗೆ ಅಂಕ ಹಾಕುತ್ತಿದ್ದೆ. ಇದು ಪ್ರಾಸಕ್ಕಾಗಿ ಸೇರಿಸಿದ ಮಾತಲ್ಲ. ಆ ಸಲದ ಪ್ರಶ್ನೆ ಪತ್ರಿಕೆಯಲ್ಲಿ ಅದಿತ್ತು.

ಒಂದು ರಾತ್ರಿ ಅಜ್ಜಿಯ ಪಕ್ಕದಲ್ಲಿ ಮಲಗಿದ್ದ ಮಗಳಿಗೆ ಅಮ್ಮ, “ಈವತ್ತೂ ಊಟದ ತನಕ ಬರಲಿಲ್ಲ ನೋಡು” ಎಂದಳಂತೆ. ಮಾರನೆಯ ಸಂಜೆ ಮಗಳು ಪಂಪನನ್ನು ನೆನೆದಳು. 1962ರ ಆ ಸಂಶೋಧಕರು ಪಾಸ್‌ವರ್ಡು ಕದ್ದದ್ದು ತಮ್ಮ ಹೊತ್ತಿಗಾಗಿ. ಈ ಹುಡುಗಿ ಕದ್ದದ್ದು ಇನ್ನೊಬ್ಬರ ಹೊತ್ತಿಗಾಗಿ. ಬೀಗವನ್ನು ಒಡೆದವಳು ಅವಳು. ಆದರೆ ತಲೆ ತಗ್ಗಿಸಬೇಕಾದವನು, ಬೀಗವನ್ನು ನ್ಯಾಯವಾಗಿ ಹಾಕಿದ್ದ ನಾನು.

ಅಮ್ಮನ ಹತ್ತಿರ ಹೋದೆ. ಅವಳು ಹೂ ಕಟ್ಟುತ್ತಿದ್ದಳು.

“ಅಮ್ಮ, ಒಂಬತ್ತಕ್ಕೆ ನಿಂತುಹೋಗುತ್ತೆ ಅಂತ ನನಗೆ ಯಾಕೆ ಹೇಳಲಿಲ್ಲ?”

“ಅದಕ್ಕೂ ವಯಸ್ಸಾಯ್ತಲ್ಲ, ಒಂಬತ್ತಕ್ಕೆ ಮಲಗುತ್ತೇನೋ ಅಂದ್ಕೊಂಡೆ ಕಣೋ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಈಗ ಸರಿಹೋಗಿದೆ. ನೀನು ಮಾಡಿಸಿದೆಯಂತೆ, ಅವಳು ಹೇಳಿದಳು” ಎಂದಳು.

ಮಗಳು ನನಗೆ ಮರ್ಯಾದೆಯನ್ನೂ ಉಳಿಸಿಕೊಟ್ಟಿದ್ದಳು.

ಈ ಘಟನೆಯಾದ ಮೇಲೆ ನನ್ನ ಮನಸ್ಸು ಬೇಡವೆಂದರೂ ಹಾಸನದ ಕಡೆಯ ನಮ್ಮ ಹಳ್ಳಿಯ ಮನೆಗೆ ಹೋಗಿ ಬರುತ್ತಿದೆ. ಆ ಮನೆಯಲ್ಲಿ ಕಂಪ್ಯೂಟರಿರಲಿಲ್ಲ, ಆದರೆ ಅನುಮತಿಗಳ ಪಟ್ಟಿ ಇತ್ತು. ಜಗಲಿಯವರೆಗೆ ಬರುವವರು, ನಡುಮನೆಯವರೆಗೆ ಬರುವವರು, ಅಡಿಗೆಮನೆಯ ಹೊಸ್ತಿಲವರೆಗೆ ಬರುವವರು, ಮಡಿಯುಟ್ಟು ಒಳಗೆ ಹೋಗುವವರು. ನನ್ನ ಜತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಸಂಜೆ ನನ್ನನ್ನು ಆಟಕ್ಕೆ ಕರೆಯಲು ಬಂದರೆ ಅಂಗಳದಲ್ಲೇ ನಿಂತಿರುತ್ತಿದ್ದ, ಜಗಲಿಯನ್ನೂ ಹತ್ತುತ್ತಿರಲಿಲ್ಲ. ಅವನನ್ನು ಯಾರೂ ತಡೆದದ್ದನ್ನು ನಾನು ಕಾಣೆ. ಯಾರೂ ಅವನಿಗೆ ಕಾರಣ ಹೇಳಿದ್ದನ್ನೂ ಕಾಣೆ. ಹತ್ತು ವರ್ಷದ ನಾನು ಕೇಳಲಿಲ್ಲ. ಮಳೆ ಬಂದರೂ ಅವನು ಹಲಸಿನ ಮರದ ಕೆಳಗೆ ನಿಂತಿರುತ್ತಿದ್ದ. ‘ಅವನಿಗೆ ಅಲ್ಲೇ ಇಷ್ಟ’ ಎಂದು ನಾನು ತಿಳಿದಿದ್ದೆ. ಅಮ್ಮ ಒಂಬತ್ತಕ್ಕೆ ಮಲಗುತ್ತಾಳೆ ಎಂದು ತಿಳಿದ ಹಾಗೆಯೇ. ಎರಡೂ ಒಂದೇ ತೂಕದವೆಂದು ನಾನು ಹೇಳುವುದಿಲ್ಲ. ಅಮ್ಮನ ನೀಲಿಯನ್ನು ಒಬ್ಬ ಹುಡುಗಿ ಒಂದು ಸಂಜೆಯಲ್ಲಿ ಅಳಿಸಿದಳು. ಅವನ ನೀಲಿಯನ್ನು ಅಳಿಸಲು ನಮ್ಮ ಮನೆಯಲ್ಲಿ ಯಾರೂ ಗುಂಡಿ ಹುಡುಕಲಿಲ್ಲ. ಆದರೆ ಎರಡನ್ನೂ ಕಾಣದೆ ಹೋದ ಕಣ್ಣು ಒಂದೇ.

ಯಂತ್ರವಾದರೂ ವಾಸಿ. ‘ನಿಮಗೆ ಅನುಮತಿಯಿಲ್ಲ’ ಎಂದು ಮುಖದ ಮೇಲೆ ಹೇಳುತ್ತದೆ. ಹೇಳಿದರೆ ಕೇಳಬಹುದು, ಜಗಳವಾಡಬಹುದು, ಪಂಪನನ್ನು ನೆನೆಯಬಹುದು. ಹೇಳದೆ ಹಾಕಿದ ಬೇಲಿಗೆ ಒಳಗಾದವರು ಅದನ್ನು ಲೋಕದ ನಿಯಮವೆಂದುಕೊಳ್ಳುತ್ತಾರೆ. ಅದಕ್ಕೂ ವಯಸ್ಸಾಯ್ತಲ್ಲ, ಮಲಗುತ್ತೇನೋ ಎನ್ನುತ್ತಾರೆ.

ನಮ್ಮ ಅಜ್ಜಿಯ ನೆನಪೂ ಬಂತು. ಅವಳ ಸೊಂಟದಲ್ಲಿ ಉಗ್ರಾಣದ ಬೀಗದ ಕೈ. ಬೆಲ್ಲ, ಕೊಬ್ಬರಿ, ಗೋಡಂಬಿ ಎಲ್ಲ ಆ ಬೀಗದ ಹಿಂದೆ. ಆದರೆ ಶನಿವಾರ ಮಧ್ಯಾಹ್ನ, ನಮಗೆ ಅರ್ಧ ದಿನದ ಶಾಲೆ ಮುಗಿಯುವ ಹೊತ್ತಿಗೆ ಸರಿಯಾಗಿ, ಅವಳು ಕೈಗೊಂಚಲನ್ನು ಗೋಡೆಯ ಗೂಡಿನಲ್ಲಿ ಮರೆತು ಮಲಗುತ್ತಿದ್ದಳು. ನಾವು ಬೆಲ್ಲ ಕದ್ದೆವೆಂದು ಹಿಗ್ಗುತ್ತಿದ್ದೆವು. ಎಷ್ಟೋ ವರ್ಷಗಳ ಮೇಲೆ ಅಮ್ಮ ಹೇಳಿದಳು: “ಅವರು ಜನ್ಮದಲ್ಲಿ ಒಂದು ವಸ್ತುವನ್ನೂ ಮರೆತವರಲ್ಲ. ಮಕ್ಕಳು ಕೇಳಿ ತಿನ್ನೋದಕ್ಕಿಂತ ಕದ್ದು ತಿಂದರೆ ರುಚಿ ಅಂತಿದ್ದರು.” ಅಜ್ಜಿ 1975ರ ಪ್ರಬಂಧವನ್ನು ಓದಿರಲಿಲ್ಲ. ಎಷ್ಟು ಬೇಕೋ ಅಷ್ಟು ಎಂಬುದು ಅವಳಿಗೂ ಗೊತ್ತಿತ್ತು; ಆದರೆ ಎಷ್ಟು ಬೇಕು ಎಂಬುದನ್ನು ಅವಳು ನಮ್ಮ ಮುಖ ನೋಡಿ ತಿಳಿಯುತ್ತಿದ್ದಳು. ನಾನು ಚೌಕದ ಮನೆಯನ್ನು ನೋಡಿ ತಿಳಿಯಹೊರಟೆ.

ಈಗ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಹೊಸ ವ್ಯವಸ್ಥೆ. ಮಗಳ ಹೊತ್ತನ್ನು ತಿಂಗಳಿಗೊಮ್ಮೆ ಇಬ್ಬರೂ ಕುಳಿತು ನಿಶ್ಚಯಿಸುತ್ತೇವೆ. ಕೆಲವು ತಿಂಗಳು ಅವಳು ಗೆಲ್ಲುತ್ತಾಳೆ. ಪರೀಕ್ಷೆಯ ತಿಂಗಳು ನಾನು ಗೆಲ್ಲುತ್ತೇನೆ. ಪಾಸ್‌ವರ್ಡನ್ನು ಬದಲಿಸಿದಾಗ, “ಈ ಸಲ ರನ್ನನೋ?” ಎಂದು ಕೇಳಿದಳು. ಹೌದಾಗಿತ್ತು, ಮತ್ತೆ ಬದಲಿಸಿದೆ. ಬಲ್ಲವರು ಇನ್ನೊಂದು ಬುದ್ಧಿಮಾತು ಹೇಳುತ್ತಾರೆ: ಪಾರುಪತ್ತೇಗಾರನೂ ದಿನದ ಕೆಲಸಕ್ಕೆ ಸಾಮಾನ್ಯನ ಖಾತೆಯನ್ನೇ ಬಳಸಬೇಕು, ಅಧಿಕಾರವನ್ನು ಬೇಕಾದಾಗ ಮಾತ್ರ ತೊಡಬೇಕು, ಇಲ್ಲದಿದ್ದರೆ ಅವನು ಮಾಡುವ ಸಣ್ಣ ತಪ್ಪೂ ಮನೆಯನ್ನೆಲ್ಲ ಕೆಡಿಸುತ್ತದೆ. ಹಾಗೆ ನನಗೂ ಒಂದು ಸಾಮಾನ್ಯ ಖಾತೆ ಮಾಡಿಕೊಂಡಿದ್ದೇನೆ. ಹಿಂದಿನ ದೊರೆಗಳು ಮಾರುವೇಷದಲ್ಲಿ ಊರು ಸುತ್ತುತ್ತಿದ್ದದ್ದು ಇದಕ್ಕೇ ಇರಬೇಕು.

ಅಮ್ಮನ ಖಾತೆಯಲ್ಲಿ ನೀಲಿಯಿಲ್ಲ. ಚಿತ್ರವನ್ನು ನಡುವಿನಿಂದ ಹಾಕಿಕೊಳ್ಳುವುದು ಹೇಗೆಂದು ತೋರಿಸಹೋದೆ. “ಬೇಡ ಬಿಡು, ನಡೆದುಕೊಂಡೇ ಹೋಗ್ತೀನಿ” ಎಂದಳು. ಈಗ ರಾತ್ರಿ ಹತ್ತರ ಹೊತ್ತಿಗೆ ನಾನು ಉತ್ತರ ಪತ್ರಿಕೆಗಳನ್ನು ಬದಿಗಿಟ್ಟು ಮೆಟ್ಟಿಲ ಮೇಲೆ ಬಂದು ಕೂರುತ್ತೇನೆ. ಕೆಳಗೆ ಓಲಗ ನಿಲ್ಲುತ್ತದೆ. ಎಲೆಗಳ ಸದ್ದು, ಬಕೆಟ್ಟುಗಳ ಸದ್ದು, ಮಕ್ಕಳ ಗಲಾಟೆ. ಆ ಗಲಾಟೆಯ ನಡುವೆ ನಮ್ಮ ತಂದೆಯ ದನಿ, ಸ್ವಲ್ಪ ಗದರುವ ಹಾಗೆ:

“ಈ ಕಡೆ ಪಂಕ್ತಿಗೆ ಇನ್ನೂ ತುಪ್ಪ ಬಂದಿಲ್ಲ, ನೋಡ್ರಯ್ಯಾ.”